ನಸುಕಿನ ಪಾಳಿ

ರಜೆಗೆಂದು ಬಂದವನು ಮುನಿರಾಬಾದಿನ ಹಿನ್ನೀರಲ್ಲಿ
ಮಾವನ ಹರಗೋಲು ಹತ್ತಿದೆ, ಬಲೆ ಎತ್ತಲು.
ಮೂರೂವರೆ. ಮಂಜು.
ಅಣೆಕಟ್ಟಿನ ದೀಪಗಳೂ ಇಲ್ಲ.

ಹಡಗಿನಲ್ಲೂ ಇದೇ ನನ್ನ ಪಾಳಿ:
ರಡಾರಿನ ಪರದೆ, ಸುತ್ತುವ ಗೆರೆ,
ಹನ್ನೆರಡು ಮೈಲಿ ನೀರು ಮೊರದಗಲದಲ್ಲಿ.
ಒಮ್ಮೆ, ಒಂದೇ ಒಮ್ಮೆ,
ಪರದೆ ಖಾಲಿಯೆಂದು ಚಹಾ ಕಲಕುತ್ತ ನಿಂತಿದ್ದೆ.
ಗಾಜಿನಾಚೆ ಯಾರೋ ಕಡ್ಡಿ ಗೀರಿದರು.
ಮರದ ದೋಣಿ, ಮೂರು ತಲೆ, ದೀಪವಿಲ್ಲ.
ಚುಕ್ಕಾಣಿ ತಿರುವಿದ ಕೈ
ಇವತ್ತಿಗೂ ಬೆವರುತ್ತದೆ.

ಮಾವ ಹುಲಿಗೆಪ್ಪನಿಗೆ ಇದನ್ನು ಹೇಳಿಲ್ಲ.
ಹುಟ್ಟು ನಿಲ್ಲಿಸಿ ಅವನು ಕಿವಿಗೊಡುತ್ತಾನೆ:
"ಎಡಕ್ಕ ಜಾಲಿ ಮೋಟ ಐತಿ.
ನೀರು ಗೊಳಗೊಳ ಅನ್ನಾಕತ್ತೈತಿ, ಕೇಳು."
ನನಗೇನೂ ಕೇಳದು. ಮೋಟು ಮೈ ಸವರಿಕೊಂಡೇ ಹೋಗುತ್ತದೆ.

ಆಮೇಲೆ ಎಲ್ಲಿಂದಲೋ ಡುಗುಡುಗು.
ಗುತ್ತಿಗೆದಾರನ ಬೋಟು.
ಮಂಜಿನಲ್ಲಿ ಸದ್ದಿಗೆ ದಿಕ್ಕಿಲ್ಲ;
ಮಾವನೂ ತಲೆ ತಿರುಗಿಸುತ್ತಲೇ ಇದ್ದಾನೆ.

ಬಿದಿರು, ತಾಡಪಾಲು, ಎರಡು ಮೈ.
ಯಾವ ಪರದೆಯ ಮೇಲೂ
ನಾವೊಂದು ಚುಕ್ಕಿಯಲ್ಲ.

"ಮಾವಾ, ಬೀಡಿ ಹಚ್ಚು."
"ಬಿಟ್ಟು ನಾಕು ವರ್ಷಾತಲ್ಲೋ."
"ಕಡ್ಡೀನಾರ ಗೀರು."