ಚಕ್ಕುಬಂದಿ

ಮೂಡಲಿಗೆ ಆಲ್ಡ್ರೆಡ್ ಅವರ ಕುರಿ ಬಿಡುವ ಹುಲ್ಲುಗಾವಲು.
ತೆಂಕಲಿಗೆ ರೈಲು ಮರೆತುಹೋದ ಹಳೆಯ ಏರಿ.
ಬಡಗಲಿಗೆ ಪಾಚಿಗಟ್ಟಿದ ಕಲ್ಲುಗೋಡೆ.
ಪಡುವಲಿಗೆ ಹಳ್ಳ, ಎನ್ನುತ್ತದೆ ನಕ್ಷೆ.
ಹಳ್ಳ ಅಲ್ಲಿಲ್ಲ.

ಫೆಬ್ರವರಿಯ ನೆರೆಯಲ್ಲಿ ರಾತ್ರೋರಾತ್ರಿ
ಮಗ್ಗುಲು ಬದಲಿಸಿಬಿಟ್ಟಿತು.
ಮಿಸೆಸ್ ಥ್ರೆಲ್‌ಫಾಲ್ ಎದ್ದು ನೋಡಿದರೆ
ಒಂಬತ್ತು ಹೇಂಟೆ, ಒಂದು ಕುಂಟ ಹುಂಜ,
ಗೂಡು ಸಮೇತ ಆಚೆ ದಡದಲ್ಲಿ.

ಮಂಗಳವಾರ, ಸಂಜೆ ಏಳು.
ಆರ್ಮ್‌ಬೆಕ್ ಪ್ಯಾರಿಷ್ ಕೌನ್ಸಿಲ್:
ಏಳು ಸದಸ್ಯರು, ನಾಣ್ಯ ನುಂಗಿ ಬೆಚ್ಚಗಾಗದ ಹೀಟರು,
ವಾರಕ್ಕೆ ಎಂಟು ಗಂಟೆಯ ಗುಮಾಸ್ತೆ ನಾನು.
ಆ ತುಂಡು ನೆಲದ ತೆರಿಗೆ ಯಾರಿಗೆ?
ಕಸದ ಗಾಡಿ ಯಾವ ಊರಿನದು?
ಡಿಸ್ಟ್ರಿಕ್ಟಿನವರು ಕೌಂಟಿಯತ್ತ ಬೆರಳು ತೋರುತ್ತಾರೆ,
ಕೌಂಟಿಯವರು ಲಂಡನ್ನಿನತ್ತ.
"ಹಳ್ಳಕ್ಕೇ ಒಂದು ನೋಟಿಸು ಕಳಿಸೋಣ"
ಎಂದ ಡೆರ್ಮಟ್. ಯಾರೂ ನಗಲಿಲ್ಲ.
ಯಾರೋ ಅನುಮೋದಿಸಿದರು ಕೂಡ.

ನನ್ನ ಮುತ್ತಜ್ಜ ಶಾನುಭೋಗ.
ಗುಂಟೆಗುಂಟೆಗೆ ಸರಪಳಿ ಹಿಡಿದು ಗಡಿಕಲ್ಲು ನೆಡಿಸಿದವನು.
ಹೊಳೆ ಎಲ್ಲೆಯಾದ ಕಡೆ ಮಾತ್ರ
ಪತ್ರದ ಅಂಚಿಗೆ ಸಣ್ಣದಾಗಿ
'ಸದ್ಯಕ್ಕೆ' ಅಂತ ಬರೆಯುತ್ತಿದ್ದನಂತೆ.

ನಡಾವಳಿಯಲ್ಲಿ ನಾನೂ ಬರೆದೆ.
ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ
ಹಸಿರು ಪೆನ್ನಲ್ಲಿ ಹೊಡೆದುಹಾಕಿದರು:
ಇಂಥ ಪದ ಕಾಯಿದೆಗೆ ಒಗ್ಗುವುದಿಲ್ಲ.

ಬಾಗಿಲಿಗೆ ಬೀಗ ಹಾಕಿ ಬರುವಾಗ ಕತ್ತಲೆ.
ದೂರದಲ್ಲಿ ಒಂದು ಟಾರ್ಚು
ಹಲಗೆಯ ಮೇಲೆ ತೂಗಾಡುತ್ತ ಹಳ್ಳ ದಾಟುತ್ತಿದೆ,
ಒಂದು ಕೈಯಲ್ಲಿ ಕಾಳಿನ ಬಕೆಟ್ಟು,
ಬಯ್ಗುಳ ಹುಂಜಕ್ಕೋ ಕೌನ್ಸಿಲ್ಲಿಗೋ ತಿಳಿಯದು.

ಅರ್ಧ ಡಜನ್ ಮೊಟ್ಟೆ ಕೊಂಡೆ.
ಇನ್ನೂ ಬಿಸಿಯಿದ್ದವು ಎರಡು.