ಐದು ಅಂಕದ ಪ್ರಶ್ನೆ

ಫ್ಲೇವಿಯಾ ಮೇಡಂ ಕಿಟಕಿಯ ಪರದೆ ಎಳೆದು
ಹಾಡನ್ನು ಮೂರು ಸಲ ತೋರಿಸಿದರು.
ಮೂರನೇ ಸಲ ದನಿಯಿಲ್ಲದೆ.

ಬಿಳಿ ಚಾದರಗಳ ನಡುವೆ ಹುಡುಗಿ ಓಡುತ್ತಾಳೆ,
ನಿಧಾನಕ್ಕೆ; ಒಂದನ್ನು ಕೆನ್ನೆಗೊತ್ತಿ ಕಣ್ಣು ಮುಚ್ಚುತ್ತಾಳೆ.
'ಬಿಳಿ ಏನನ್ನು ಸೂಚಿಸುತ್ತದೆ?'
ಮುಗ್ಧತೆ, ಎಂದಿತು ಮುಂದಿನ ಬೆಂಚು.
ನಾನು ಬಾಯಿ ಬಿಡಲಿಲ್ಲ.
ಅದು ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನ ಚಾದರ,
ಮೂಲೆಯಲ್ಲಿ ಅಮ್ಮ ಹಾಕಿದ ಗೇರು ಮಸಿಯ ಎರಡು ಗೆರೆ:
ಹೆರಿಗೆ ವಾರ್ಡು.

ಕ್ರೇನು ಮೇಲಿಂದ ಇಳಿಯುತ್ತದೆ.
ವೈಯಾಲಿಕಾವಲಿನ ದೋಬಿಘಾಟು ರಂಗೋಲಿಯ ಚುಕ್ಕಿಗಳಂತೆ.
ಅಲ್ಲೊಂದು ಚುಕ್ಕಿ ಚಿಕ್ಕಮುನಿಯಣ್ಣ,
ಮುನ್ನೂರು ಕೊಟ್ಟು ಅಂಗಿ ಬಿಚ್ಚಿಸಿದ್ದರು.
ಅಂಗಿ ಹಾಕಿಕೊಂಡೇ ಒಗೆಯುವವನು ಅವನು.

ಪಕ್ಕದವರ ಕಲ್ಲಿನ ಮುಂದೆ ನಿಲ್ಲಿಸಿ
ಅಪ್ಪನಿಗೆ ಹೇಳಿದರಂತೆ: ಮೆಲ್ಲಗೆ ಬಡೀರಿ,
ನೀರು ಲೆನ್ಸಿಗೆ ಸಿಡಿಯುತ್ತೆ.
ಮೆಲ್ಲಗೆ ಬಡಿದರೆ ಕೊಳೆ ಹೋಗುತ್ತಾ ಸ್ವಾಮಿ?
ಏಳು ಟೇಕು.
ಹುಡುಗಿಯ ಭುಜದ ಹಿಂದೆ, ಮಸುಕಾಗಿ,
ಒಂದೂವರೆ ಸೆಕೆಂಡು ಅಪ್ಪ.
ಬಲಭುಜ ಸರಿಯಿಲ್ಲ, ಎಡಕ್ಕೆ ವಾಲಿ ತೋಳೆತ್ತುತ್ತಾರೆ;
ಇಲ್ಲದಿದ್ದರೆ ನನಗೂ ಗುರುತು ಸಿಗುತ್ತಿರಲಿಲ್ಲ.

ಸಂಜೆ ಮೊಬೈಲಿನಲ್ಲಿ ತೋರಿಸಿದೆ.
ಅಪ್ಪ ತಮ್ಮನ್ನು ಹುಡುಕಲೇ ಇಲ್ಲ.
'ನೋಡು, ಆ ಚಾದರ ಇನ್ನೂ ಒಣಗಿಲ್ಲ,
ಅಂಚು ಹೇಗೆ ಜೋತಿದೆ.
ಅವತ್ತು ಆಸ್ಪತ್ರೆಯವರ ಹತ್ತಿರ ಬೈಸಿಕೊಂಡೆ.'

ಪ್ರಶ್ನೆ: ಕ್ಯಾಮೆರಾ ಯಾರ ಕಣ್ಣಿನಿಂದ ನೋಡುತ್ತಿದೆ?
ಕಣ್ಣಿನ ವಿಚಾರ ಗೊತ್ತಿಲ್ಲ, ಮೇಡಂ.
ಮೂರು ಕಾಲೂ ಊರಿದ್ದು
ನಮ್ಮ ಕಲ್ಲಿನ ಮೇಲೆ.