ಪೆನ್‌ಡ್ರೈವಿನ್ಯಾಗ ಹನ್ನೊಂದು

ದೀಪಾವಳಿಗೆ ಮೂರು ದಿನ ಮಗ್ಗ ಬಂದ್.
ಬನಹಟ್ಟಿ ಓಣ್ಯಾಗ ಆವಾಗಷ್ಟ
ನಲ್ಲಿ ಹನಿಯೂದು ಕೇಳಸ್ತೈತಿ,
ಪಕ್ಕದ ಮನಿ ಗುರುಲಿಂಗಣ್ಣ ಆಕಳಿಸಿದ್ದು ಕೇಳಸ್ತೈತಿ.
ಮಗ್ಗದ ಮನ್ಯಾಗ ಹುಟ್ಟಿದವರು ನಾವು,
ಗುಟ್ಟು ಸೈತ ಒದರಿ ಹೇಳಾವರು;
ಸದ್ದು ನಿಂತಾಗ
ದನಿ ಎಷ್ಟಕ್ಕ ಇಡಬೇಕಂತ ತಿಳಿಯೂದಿಲ್ಲ.

ಎಣ್ಣಿ ನೀರು ಹಾಕ್ಕೊಂಡು, ಹೋಳಿಗಿ ಉಂಡು,
ಎಲ್ಲಾರೂ ಕೂಡಿ ಒಂದು ಸಿನಿಮಾ ನೋಡೂನಂತ
ಅಪ್ಪನ ಅಪ್ಪಣಿ.
ತೇರದಾಳದ ಗೆಳ್ಯಾನ ಕಡಿಂದ
ಹನ್ನೊಂದು ಸಿನಿಮಾ ತುಂಬಿಸಿ ತಂದಿದ್ದೆ ಪೆನ್‌ಡ್ರೈವಿನ್ಯಾಗ.
ಪಡಸಾಲ್ಯಾಗ ಚಾಪಿ, ನಡುವ ಚೂಡಾದ ಬುಟ್ಟಿ,
ಗ್ವಾಡಿಗೆ ಒರಗಿ ಕಿವಿ ಮಂದಾದ ದುಂಡವ್ವ ಆಯಿ.
ಬಾಗಲದ ಹಂತ್ಯಾಕ,
ಆಷಾಢಕ್ಕ ಬಂದು
ದೀಪಾವಳಿಗೂ ಇಲ್ಲೇ ಇರೋ ನಮ್ಮಕ್ಕ ಭಾಗೀರಥಿ,
ಕರಚಿಕಾಯಿ ಅಂಚು ಮುರಕೊಂತ.

ಮೊದಲನೇದು ಹಚ್ಚಿದೆ. ಹೆಸರು ಬೀಳೂದರಾಗ
ಹಂದರ ಕಾಣಿಸ್ತು, ಬಾಳಿಕಂಬ, ಅರಿಷಿಣ.
'ಬ್ಯಾಡ, ಭಾಳ ಉದ್ದ ಇದ್ದಂಗೈತಿ,' ಅಂದ ಅಪ್ಪ,
ಹನ್ನೆರಡು ತಾಸು ನಿಂತು ನೇಯೋ ಅಪ್ಪ.
ಎರಡನೇದು ನಗಿಸೂ ಸಿನಿಮಾ. ಅದನ್ನ ಅವ್ವ ಮುಗಿಸಿದಳು:
'ಗಂಡ ಹೆಂಡ್ತಿ ಜಗಳ ನೋಡಿ ಏನ ನಗೂದು, ಹಬ್ಬದಾಗ?'
ನಾಕನೇದರಾಗ ಅತ್ತಿ ಒಬ್ಬಾಕಿ ಒಲಿ ಮುಂದ ನಿಂತಿದ್ದಳು,
ಬರೇ ನಿಂತಿದ್ದಳು.
ಕಾಕಾ ಎದ್ದು ಪ್ಲಗ್ ಅಲುಗಾಡಿಸಿ
'ಆವಾಜ ಬರವಲ್ತಲೇ, ಮುಂದಿಂದು ಹಾಕು' ಅಂದ.
ಆವಾಜ ಓಣಿ ತುಂಬ ಬರ್ತಿತ್ತು.

ನಾನು ಹೊಡದಾಟದ್ದಾ ಬೇಕಂತ ಹಟ ಹಿಡಿದವ.
ಹಾಕಿದೆ. ವಿಲನ್ ಕೈ ಎತ್ತಿದ,
ಯಾರ ಮ್ಯಾಲಂತ ನೋಡೂದರಾಗ
ಅವ್ವನ ಕೈ ಬಂದು ಕುಂತಿತು ರಿಮೋಟಿನ ಮ್ಯಾಲ.
ತಣ್ಣಗಿತ್ತು. ಚೂಡಾದ ಎಣ್ಣಿ ಹತ್ತಿತ್ತು.
ಆವಾಗ ತಿಳೀತು ನನಗ, ಹದಿನೇಳು ತುಂಬಿದ ಕೋಣಗ:
ಅಕ್ಕಿ ಆರಿಸಿದಂಗ ಆರಿಸಾಕ ಹತ್ಯಾರ ಇವರೆಲ್ಲ,
ಕಣ್ಣು ಇರೂದು ಹರಳಿನ ಮ್ಯಾಲ.

ಆಮ್ಯಾಲ ನಾನೂ ಸುಳ್ಳು ಹೇಳಿದೆ.
ಏಳನೇದಕ್ಕ ಫೈಲ್ ಕೆಟ್ಟೈತಿ ಅಂದೆ.
ಎಂಟನೇದು ನೋಡೇನಿ, ಹೊಲಸೈತಿ ಅಂದೆ. ನೋಡಿರಲಿಲ್ಲ.
ಒಂಬತ್ತನೇದರ ಹೆಸರಾ ಓದಲಿಲ್ಲ.
ದುಂಡವ್ವ ಆಯಿ ನಡುನಡುವ,
'ಯಾಕ ತಗದ್ರಿ? ಚೊಲೊ ಇದ್ದಳಲ್ಲ ಆ ಹುಡುಗಿ!'
ಯಾರೂ ಆಕಿ ಕಿವ್ಯಾಗ ಏನೂ ಹೇಳಲಿಲ್ಲ.

ಕಡೀಕ ಒಂದು ನಾಯಿದು ಸಿಕ್ತು.
ಹಾದಿ ತಪ್ಪಿದ ನಾಯಿ, ಊರೂರು ಅಲೀತೈತಿ
ಮನಿ ಹುಡುಕ್ಕೊಂತ.
ಇದರಾಗ ಏನೂ ಇರೂದಿಲ್ಲಂತ ಎಲ್ಲಾರೂ ಕಾಲು ಚಾಚಿದರು.
ಅರ್ಧ ತಾಸು ಚೊಲೊ ಹೋತು. ಕಾಕಾ ಗೊರಕಿ ಹೊಡದ.
ಆ ನಾಯಿ ಹೋಗಿ ಹೋಗಿ
ಒಂದು ಮದವಿ ಮನ್ಯಾಗಾ ಹೊಗಬೇಕಾ!
ವಾಲಗ. ಅಕ್ಕಿಕಾಳು. ತಲಿ ತಗ್ಗಿಸಿದ ಮದುಮಗಳು.
ನಿದ್ದಿಗಣ್ಣಿನ ಕಾಕಾನ್ನೂ ಹಿಡದು
ನಾಕು ಕೈ ಒಮ್ಮೆಲೆ ರಿಮೋಟಿಗೆ ಬಿದ್ದು
ಚೂಡಾದ ಬುಟ್ಟಿ ಡಬ್ಬಾತು.

'ಇರ್ಲಿ ಬಿಡ್ರಿ,' ಅಂದಳು ಅಕ್ಕ.
ಬಾಗಲ ಬಿಟ್ಟು ಸರದು ಬಂದು, ಟೀವಿ ಮುಂದ ಕುಂತು,
ಗಾಜಿನ ಮ್ಯಾಲ ಬೆರಳಿಟ್ಟು:
'ಅಪ್ಪಾ, ಆ ಹುಡುಗಿ ಅವ್ವನ ಸೀರಿ ಅಂಚು ನೋಡು.
ನಮ್ಮ ಕಡೇದಲ್ಲ? ಒಂದು ಎಳಿ ತಪ್ಯಾರ, ಇಲ್ಲೆ.'

ಅಪ್ಪ ಚಾಳೀಸು ಹುಡುಕಿದ. ಅದು ಹಣಿ ಮ್ಯಾಲಾ ಇತ್ತು.
ಭಾಳ ಹೊತ್ತು ನೋಡಿದ, ಸೀನು ದಾಟಿ ಹೋದ ಮ್ಯಾಲೂ.
'ಹೂಂ,' ಅಂದ. 'ಸೀರಿದೇನ ತಪ್ಪಿಲ್ಲವಾ.
ನೇದಾವನ ತಪ್ಪು.'

ಅವ್ವ ಚೂಡಾ ಬಳದಳು, ಬಳದಿದ್ದನ್ನ ತಿರುಗಿ ಬಳದಳು.

'ಮುಂದ ಏನಾತಲೇ?' ಅಂತ ಆಯಿ.
ಅಕ್ಕ ಆಕಿ ಕಿವಿಗೆ ಬಾಯಿ ಹಚ್ಚಿ,
ಮಗ್ಗ ನಡದಾಗ ಒದರೂ ದನ್ಯಾಗ ಒದರಿದಳು:
'ಇನ್ನೂ ಅರ್ಧ ಐತಿ, ಆಯೀ!'

ಗ್ವಾಡಿ ಆ ಕಡಿಂದ ಗುರುಲಿಂಗಣ್ಣ
'ಯಾವ ಸಿನಿಮಾನೋ?' ಅಂದ.
'ನಾಯಿದು,' ಅಂದೆ.